ಊದಿದ ಕೈಯ ಹಸಿರು ಬಳೆ

“ಅತ್ತಿ, ಬಾವು ಏರೂದ್ರೊಳಗ ಬಳಿ ತಗೀರಿ” ಎಂದು ನೀನು ನಿನ್ನೆ ಸಂಜೆಯೇ ಬಡಕೊಂಡೆ, ಶೀಲಾ. ಕಮಲಾಪುರದ ಸಂತೆಯಲ್ಲಿ ಜಾರಿ, ಎಡಗೈ ಊರಿ ಬಿದ್ದ ನಾನು “ಬರೇ ಉಳುಕ್ಯಾದ. ಗಂಡ ಇರೂತನಕ ಬರಿಗೈ ಮಾಡ್ಕೊಳ್ಳಂಗಿಲ್ಲ” ಎಂದು ಭಾಷಣ ಬಿಗಿದೆ. ಈಗ ಎಲುಬು ಮುರಿದಂತಿದೆ, ಮುಂಗೈ ಬದನೆಕಾಯಿಯಾಗಿದೆ. ಬಳೆ ಕಚ್ಚಿ ಬೆರಳಿಗೆ ಜೋಮು ಹಿಡಿದಿದೆ.

ದವಾಖಾನೆಗೆ ಹೊರಟಿದ್ದೇವೆ. ಲಟ್ಟಣಿಗೆ ಹುಡುಕಬೇಡ, ಕೈ ಅಲುಗದಂತೆ ಅದನ್ನೇ ಕಟ್ಟಿಕೊಂಡಿದ್ದೇನೆ. ಬೇಳೆ ಕುಕ್ಕರಿನಲ್ಲಿದೆ. ರೊಟ್ಟಿ ನೀನೇ ಬಡಿ. ದುಂಡಗಾಗದಿದ್ದರೂ ಇವತ್ತು ನಾನು ಮಾತಾಡುವುದಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ನಿನ್ನ ಮಾವ ಇಕ್ಕಳ ಹಿಡಿದು ಬಂದರು.

“ಒಡೀಬ್ಯಾಡ್ರಿ, ನಿಮಗೇನರೆ ಆದೀತು” ಎಂದೆ.

“ನನಗೇನಾಗ್ತದ? ನಿನ್ನ ಬೆರಳು ನೋಡ್ಕೋ” ಎಂದು ಬಳೆಯ ಕೆಳಗೆ ಬಟ್ಟೆ ತೂರಿಸಿ ಒಂದೊಂದೇ ಒಡೆದರು.

ಬೆರಳು ಈಗ ಜುಮ್ಮೆನ್ನುತ್ತಿವೆ. ಗಾಜಿನ ಚೂರು ನಡುಮನೆಯಲ್ಲಿವೆ, ಬರಿಗಾಲಲ್ಲಿ ತುಳಿಯಬೇಡ.