ಕಲ್ಲಿಗಿಟ್ಟ ಅರಿಶಿನ

ಕೇತಮಾರನಹಳ್ಳಿ
18-2-1958

ಮನೆ ಯಜಮಾನರ ಪಾದಕ್ಕೆ ನಿಮ್ಮವಳ ನಮಸ್ಕಾರ.

ನಿಮ್ಮ ಹೆಸರು ಹೇಗೆ ಬರೀಲಿ? ಮದುವೆಯಾಗಿ ಹನ್ನೆರಡು ವರ್ಷ, ಒಂದು ದಿನವೂ ಬಾಯಲ್ಲಿ ತಂದವಳಲ್ಲ. ಕವರಿನ ಮೇಲೆ ಹೆಸರು, ಜೈಲಿನ ವಿಳಾಸ ಮೇಷ್ಟ್ರ ಕೈಲಿ ಬರೆಸಿದೆ. ಒಳಗಿನದು ನಂದೇ, ನಾಲ್ಕನೇ ಕ್ಲಾಸಿನ ಅಕ್ಷರ.

ಬರೋ ಸೋಮವಾರ ತೀರ್ಪಂತೆ. ನೇಣು ತಪ್ಪೋದು ಕಷ್ಟ ಅಂದರು ವಕೀಲರು. ನೀವು ನೋಡಿದರೆ ಕೋರ್ಟಿಗೆ ಬರಬೇಡ, ಬಾಯಿ ಬಿಡಬೇಡ ಅಂತ ಹೇಳಿಕಳಿಸ್ತೀರಿ. ಎಂಥ ಹಟ ರೀ ನಿಮ್ಮದು!

ತಪ್ಪು ಶುರುವಾಗಿದ್ದೇ ನನ್ನಿಂದ. ಹೊಸ ಫ್ಯಾಕ್ಟರಿ ಬಡಾವಣೆಗೆ ಅಂತ ಸರ್ವೆಯವರು ನಮ್ಮ ರಾಗಿ ಹೊಲದಲ್ಲಿ ಕಲ್ಲು ನೆಟ್ಟು ಹೋದರಲ್ಲ, ನಾನೂ ಅತ್ತೆಯೂ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದೆವು. ಪೂಜೆಯಾದ ಕಲ್ಲಿನ ಸುತ್ತ ಯಾರು ಗುದ್ದಲಿ ಹಾಕ್ತಾರೆ, ಹೊಲ ಉಳೀತದೆ ಅಂದುಕೊಂಡೆವು. ನಿಮ್ಮ ದಾಯಾದಿ ಕೆಂಚಪ್ಪ ಅದನ್ನೇ ಹಿಡಕೊಂಡು, ಇವರೇ ಪೂಜೆ ಮಾಡಿ ಹೊಲ ಕೊಡೋಕೆ ಒಪ್ಪಿಕೊಂಡಿದಾರೆ ಅಂತ ಸರ್ವೆ ಆಫೀಸಿನಲ್ಲಿ ಸಾಕ್ಷಿ ಹೇಳಿ ಬಂದ. ಹಾಳಾದೋನು! ಹೋದ ವರ್ಷ ವೋಟು ಕೇಳೋಕೆ ಬಂದಾಗ ಅದೇ ಬಾಯಲ್ಲಿ, ದೇಶ ಮುಂದೆ ಬರ್ತದೆ ಅತ್ತಿಗೆ, ಫ್ಯಾಕ್ಟರಿಯಲ್ಲಿ ಮನೆಗೊಂದು ಕೆಲಸ ಅಂದಿದ್ದ. ಅವನಿಗೆ ಮಜ್ಜಿಗೆ ಕೊಟ್ಟ ಕೈ ಇದು.

ಆ ಬೆಳಿಗ್ಗೆ ಕಣ್ಣಿಂದ ಹೋಗಲ್ಲ. ರಸ್ತೆ ಗುತ್ತಿಗೆ ಹಿಡಿದಿದ್ದ ಕೆಂಚಪ್ಪನ ಆಳುಗಳು ತೆನೆ ತುಂಬಿದ ಪೈರಿನ ಮೇಲೆ ಗುದ್ದಲಿ ಹಾಕಿದರು. ಅತ್ತೆ ಅಡ್ಡ ಮಲಗಿದರು. ಅವನು ತುರುಬು ಹಿಡಿದೆಳೆದು ಒಗೆದ. ತಲೆ ಅದೇ ಕಲ್ಲಿಗೆ ಬಡಿದು, ನಾವಿಟ್ಟ ಅರಿಶಿನದ ಮೇಲೆ ರಕ್ತ ಹರೀತು. ಅತ್ತೆ ಅಲ್ಲೇ ಪ್ರಾಣ ಬಿಟ್ಟರು. ಆಳುಗಳು ಹೆದರಿ, ಹಾರೆ ಗುದ್ದಲಿ ಅಲ್ಲೇ ಬಿಟ್ಟು ಓಡಿದರು. ಆಮೇಲೆ ಹಾರೆಯ ಏಟು, ಒಂದಲ್ಲ ಮೂರು. ಬುರುಡೆ ಒಡೆದು ಕೆಂಚಪ್ಪ ಅಲ್ಲೇ ಸತ್ತುಬಿದ್ದ. ಪೊಲೀಸರು ಬಂದಾಗ ಹಾರೆ ನಿಮ್ಮ ಕೈಲಿತ್ತು. ಊರು ಕಂಡದ್ದು ಅಷ್ಟೇ.

ಈಗ ಅಲ್ಲಿ ರಸ್ತೆ ಬಂದಿದೆ, ಶೆಡ್ಡು ಏಳ್ತಾ ಇದೆ. ಕೂಲಿಗೆ ನಮ್ಮೂರವರೇ ಹೋಗ್ತಾರೆ. ಮಗಳು ವಿಮಲಳನ್ನೂ ಎಮ್ಮೆಯನ್ನೂ ಮೂಡಲಪಾಳ್ಯಕ್ಕೆ ಅಕ್ಕನ ಮನೆಗೆ ಬಿಟ್ಟು ಬಂದೆ. ಅವಳಿಗೆ ಜಡೆ ಹಾಕೋಕೆ ನಿಮಗೆ ಬರಲ್ಲ, ಅಕ್ಕನ ಹತ್ತಿರ ಕಲಿತುಕೊಳ್ಳಿ.

ಇಂತಿ ನಿಮ್ಮ
ಲಕ್ಷ್ಮಿದೇವಮ್ಮ

ಮತ್ತೊಂದು ಮಾತು: ಜೈಲಿನ ಸಾಹೇಬರೆ, ಕೈದಿಗಳ ಕಾಗದ ಮೊದಲು ನೀವೇ ಓದ್ತೀರಂತೆ. ಅದಕ್ಕೇ ಇದನ್ನು ಬರೆದೆ. ಆ ಮೂರು ಏಟೂ ನನ್ನವು. ನಮ್ಮ ಯಜಮಾನರು ಆಮೇಲೆ ಬಾವಿ ಕಡೆಯಿಂದ ಓಡಿಬಂದು ನನ್ನ ಕೈಯಿಂದ ಹಾರೆ ಕಿತ್ತುಕೊಂಡರು. ರಕ್ತವಾದ ನನ್ನ ಸೀರೆ ಹಿತ್ತಲಲ್ಲಿ, ರಾಗಿ ತುಂಬೋ ಹಗೇವಿನೊಳಗಿದೆ, ತೆಗೆಸಿ ನೋಡಿ. ನಾನು ಮನೆಯಲ್ಲೇ ಇರ್ತೀನಿ. ನನ್ನ ಗಂಡನ ಹೆಸರು ಮುನಿರಾಮಯ್ಯ. ಮುನಿರಾಮಯ್ಯ ಯಾರನ್ನೂ ಕೊಂದಿಲ್ಲ.