ಸೋಸಿದ ಸುದ್ದಿ

ಹದಿನಾಲ್ಕು, ಗುರುವಾರ

ಆ್ಯಂಟೆನಾದಿಂದ ಪುಕ್ಕಟೆ ಬರುವ ಟೀವಿ ವಾಹಿನಿಗೂ ಈ ವಾರದಿಂದ ಗೂಢಲಿಪಿಯ (ಎನ್‌ಕ್ರಿಪ್ಶನ್) ಬೀಗ. ಸುದ್ದಿಯನ್ನು ಬಂದ ಹೊತ್ತಿಗೇ ನೋಡಬೇಕು, ರೆಕಾರ್ಡ್ ಮಾಡಿಕೊಳ್ಳುವಂತಿಲ್ಲ. ಕಿವಿ ಕೇಳದ ಮಾವ ಇಷ್ಟು ದಿನ ಅದನ್ನು ರೆಕಾರ್ಡ್ ಮಾಡಿ, ಸಾಲುಸಾಲಿಗೂ ನಿಲ್ಲಿಸಿ, ಪರದೆಯ ಕೆಳಗಿನ ಅಕ್ಷರ ಓದುತ್ತಿದ್ದರು. ಈಗ ಓದಿ ಮುಗಿಸುವ ಮುಂಚೆಯೇ ಸಾಲು ಓಡಿಹೋಗುತ್ತದೆ.

ದಿನಾ ಸುದ್ದಿ ಬರೆದುಕೊಡುತ್ತೇನೆ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ.

“ನೀನು ಕೊಡೋದು ಸೋಸಿದ ಸುದ್ದಿ ಕಣಮ್ಮ. ನಂಗೆ ಚರಟದ ಸಮೇತ ಬೇಕು,” ಎಂದು ನಕ್ಕರು.

ಆದರೂ ಸಂಜೆ ಅವರು ಟೀವಿ ಸುದ್ದಿ ನೋಡುವಾಗ ಪಕ್ಕದಲ್ಲಿ ಕೂತು ಬರೆದುಕೊಟ್ಟೆ. ಮಾವ ಎಂಜಿನಿಯರ್ ಆಗಿದ್ದಾಗ ಕಟ್ಟಿಸಿದ ಸೇತುವೆಯನ್ನು ಕೆಡವುತ್ತಾರೆಂಬ ಸುದ್ದಿಯೂ ಬಂತು. ಅದೊಂದನ್ನು ಬಿಟ್ಟೆ. ಊಟದ ಹೊತ್ತಿನಲ್ಲಿ ಯಾಕೆ ಎಂದುಕೊಂಡೆ.

ಓದಿ, ಕನ್ನಡಕ ತೆಗೆದು, “ಇಷ್ಟೇನಾ?” ಎಂದರು. ತಲೆಯಾಡಿಸಿದೆ.

“ಮತ್ತೆ ನನ್ನ ಸೇತುವೆ ಯಾಕೆ ತೋರಿಸಿದ್ರು?”

ಅಕ್ಷರ ಕಣ್ತಪ್ಪಿದರೇನು, ಚಿತ್ರ ಕಂಡಿತ್ತಲ್ಲ! ಪೆನ್ನಿಗೆ ಮುಚ್ಚಳ ಹಾಕಿದೆ. ಅವರು ಎದ್ದು ಹೋಗಿ ಮಲಗಿದರು.

ನನಗೆ ಮಾತ್ರ ನಿದ್ದೆ ಹತ್ತುತ್ತಿಲ್ಲ. ಅವರಿಗೆ ನೋವಾಗದಿರಲಿ ಎಂದೇ ಮಾಡಿದೆನೇ, ಅಥವಾ ಆ ನೋವನ್ನು ಎದುರು ಕೂತು ನೋಡಲು ನನಗೇ ಧೈರ್ಯವಿರಲಿಲ್ಲವೇ? ಬೆಳಿಗ್ಗೆ ಎಲ್ಲವನ್ನೂ ಬರೆದುಕೊಡಬೇಕು. ಇನ್ನು ನಾನು ಬರೆದದ್ದನ್ನು ಅವರು ನಂಬುತ್ತಾರೋ ಇಲ್ಲವೋ.