ಎಡಕ್ಕೆ ಸುತ್ತಿದ ಸುರುಳಿ

ಜೂನ್ 3
ಬೆಳಗಿನಿಂದ ಅದೇ ಪ್ರೋಟೀನಿನ ಚಿತ್ರ. ಸಾಫ್ಟ್‌ವೇರ್‌ನಲ್ಲಿ ನೆರಳು ತೆಗೆದೆ, ಹೊಳಪು ತೆಗೆದೆ. ಈಗ ಚಪ್ಪಟೆ ಬಣ್ಣ, ಸುತ್ತ ಕಪ್ಪು ಗೆರೆ, ಅಷ್ಟೇ. ನಮ್ಮ ಹಿರಿಯ ವಿಜ್ಞಾನಿ, ನಾವೆಲ್ಲ ಪಾಕ್ ಎಂದು ಕರೆಯುವ ವಿರಾತ್ಮೊ ಸರ್ ನಿವೃತ್ತರಾಗುತ್ತಿದ್ದಾರೆ. ಲ್ಯಾಬಿನವರಿಂದ ಬಾಟಿಕ್ ಅಂಗಿಯ ಉಡುಗೊರೆ. ಅವರೇ ರಚನೆ ಕಂಡುಹಿಡಿದ ಪ್ರೋಟೀನು ಅದರ ಚಿತ್ತಾರ.
ಬಾಟಿಕ್ ಬರೆಯುವ ಗಿಯೆಮ್ ಅಕ್ಕನಿಗೆ ಸಮಾಧಾನವಿಲ್ಲ. "ನಾನು ಬರೆಯೋದು ಮೇಣದಲ್ಲಿ ಕಣೇ, ಪೆನ್ಸಿಲ್‌ನಲ್ಲಲ್ಲ. ಗೆರೆ ಇನ್ನೂ ದಪ್ಪ ಮಾಡು!"
ಮಾಡಿದೆ. ನಾಲ್ಕನೇ ಸಲ.

ಜೂನ್ 9
ಪಾಕ್ ಅವರ ಹೆಂಡತಿ ಬು ಸುಮಿಯಾತಿ ಎಳೆ ಹಲಸಿನ ಗುಡೆಗ್ ಪಲ್ಯದ ಡಬ್ಬಿ ಹಿಡಿದು ಬಂದರು. ಗಂಡ ಲ್ಯಾಬಿನಲ್ಲಿ ಇಲ್ಲದ ಹೊತ್ತು ನೋಡಿ.
"ಒಲೆ ಆರಿಸೋದು ಮರೀತಾರೆ, ವೆನಿಂಗ್. ಡಾಕ್ಟರ್ ಅಂದ್ರೆ ಸಿಡುಕ್ತಾರೆ. ನಿಜ ಹೇಳು, ಇಲ್ಲಿ ಹೇಗಿದ್ದಾರೆ? ನೀನು ಹೂಂ ಅಂದ್ರೆ ಎಳ್ಕೊಂಡಾದ್ರೂ ಹೋಗ್ತೀನಿ."
"ಸರಿಯಾಗೇ ಇದ್ದಾರೆ ಬು."
ಇದ್ದಾರೆ. ಹೆಸರು ಮರೆಯಬಹುದು, ಪ್ರೋಟೀನು ಮರೆಯುವವರಲ್ಲ. ಸೇರಿದ ಹೊಸತರಲ್ಲಿ ಪೋಸ್ಟರಿಗೆ ಅಂದ ಬರಲೆಂದು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಗುಚಿದ್ದೆ. ಕಾರಿಡಾರಿನ ಆ ತುದಿಯಿಂದಲೇ ಕೂಗಿದ್ದರು: "ಸುರುಳಿ ಎಡಕ್ಕೆ ಸುತ್ತಿದೆ! ಬಲಕ್ಕೆ ಸುತ್ತಬೇಕು ತಾಯಿ! ಇದು ಯಾವ ಲೋಕದ ಪ್ರೋಟೀನು?" ಇಡೀ ಲ್ಯಾಬು ನಕ್ಕಿತ್ತು.

ಜೂನ್ 24
ಅಂಗಿ ಬಂತು. ಬಿಡಿಸಿ ನೋಡಿದೆ. ಸುರುಳಿಗಳೆಲ್ಲ ಎಡಕ್ಕೆ... ಅಕ್ಕ ತೆಳು ಹಾಳೆಯನ್ನು ಬೋರಲು ಇಟ್ಟು ನಕಲು ತೆಗೆದಿದ್ದಾಳೆ.
"ನೆರಳಿಲ್ಲ, ಹೊಳಪಿಲ್ಲ. ಎರಡೂ ಕಡೆ ಒಂದೇ ಥರ ಕಾಣ್ತಿತ್ತು. ಯಾವುದು ಮುಂದೆ ಅಂತ ನಂಗೇನು ಗೊತ್ತು?"
ಮೇಣ ಎರಡೂ ಬದಿಗೆ ಹಚ್ಚಿದ್ದಾಳೆ, ಚಿತ್ತಾರ ಒಳಬದಿಯಲ್ಲೂ ಅಷ್ಟೇ ಸ್ಪಷ್ಟ. ಬರೀ ಬಟ್ಟೆಯಾಗಿದ್ದರೆ ಮಗುಚಿಬಿಡುತ್ತಿದ್ದೆ. ಹೊಲಿದಾಗಿದೆ. ನಾಳೆಯೇ ಸಮಾರಂಭ. ಎಲ್ಲರೆದುರು ಬೈಸಿಕೊಳ್ಳುವುದೇ ಸೈ.

ಜೂನ್ 25
ಪಾಕ್ ಬೈಯಲಿಲ್ಲ. ಎದೆಯ ಮೇಲಿನ ಸುರುಳಿಯನ್ನು ಸವರಿದರು. "ಚೆನ್ನಾಗಿದೆ" ಎಂದರು.
ನನ್ನ ಮೇಲಿನ ದಾಕ್ಷಿಣ್ಯ ಇರಬೇಕು. ದೀಪವೂ ಮಂಕಾಗಿತ್ತು. ಬು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಊಟದ ಸಾಲಿಗೆ ಹೋಗಿ ನಿಂತೆ.

ಜುಲೈ 17
ಪಾಕ್ ಲ್ಯಾಬಿಗೆ ಬಂದಿದ್ದರು. ಅದೇ ಅಂಗಿ, ಒಳಗು ಹೊರಗಾಗಿ. ಹೊಲಿಗೆಯೆಲ್ಲ ಮೇಲೆ. ಸುರುಳಿಗಳು ಬಲಕ್ಕೆ!
ಕುಣಿಯುವಷ್ಟು ಸಂತೋಷವಾಯಿತು ನನಗೆ. ಅಂದೇ ತಪ್ಪು ಕಂಡುಹಿಡಿದಿದ್ದಾರೆ, ನನಗೆ ಪಾಠ ಕಲಿಸಲು ಬೇಕೆಂದೇ ಹೀಗೆ ಹಾಕಿಕೊಂಡು ಬಂದಿದ್ದಾರೆ...
"ಸಿಕ್ಕಿಬಿದ್ದೆ ಪಾಕ್! ಅದಕ್ಕೇ ತಿರುಗಿಸಿ ಹಾಕ್ಕೊಂಡ್ರಾ?"
ಬಗ್ಗಿ ನೋಡಿಕೊಂಡರು. ಹೊಲಿಗೆಯನ್ನು ಬೆರಳಲ್ಲಿ ಮುಟ್ಟಿದರು.
"ಅಯ್ಯೋ, ಹೌದಲ್ಲ. ಸುಮಿ ಹೇಳಲೇ ಇಲ್ಲ ನೋಡು." ಆಮೇಲೆ ಚಿತ್ತಾರದ ಮೇಲೆ ಬೆರಳಿಟ್ಟು, ತುಂಬ ಮೃದುವಾಗಿ: "ಚೆನ್ನಾಗಿ ಬರೆದಿದ್ದಾರಮ್ಮ. ಇದು ಯಾವ ಪ್ರೋಟೀನು?"
ಹೆಸರು ಹೇಳಿದೆ. ಮೊದಲ ಸಲ ಕೇಳಿದವರ ಹಾಗೆ ತಲೆಯಾಡಿಸಿದರು.

ಅದೇ ದಿನ, ಸಂಜೆ
ಸರಿಯಾಗೇ ಇದ್ದಾರೆ ಎಂದಿದ್ದೆ. ಬು ನಂಬಿ ಸುಮ್ಮನಾದರು. ಒಂದು ತಿಂಗಳ ಮೇಲಾಯಿತು.
ಫೋನ್ ಹೊಡೆದುಕೊಳ್ಳುತ್ತಿದೆ. ಬು ಸುಮಿಯಾತಿ. ಎತ್ತಲೇಬೇಕು. ಎತ್ತಿದ ಕೂಡಲೇ, ಬೇರೆ ಮಾತಿಗೆ ಮೊದಲೇ ಹೇಳಬೇಕು: ಬು, ನಾನು ಅವತ್ತು ಹೇಳಿದ್ದು ತಪ್ಪು, ಡಾಕ್ಟರ್ ಹತ್ರ—